ಆಟಕ್ಕುಂಟು, ಲೆಕ್ಕಕ್ಕಿಲ್ಲ: ಮಕ್ಕಳ ಆಟದಲ್ಲಿ ಲೆಕ್ಕ ಯಾವಾಗ ಶುರುವಾಗಬೇಕು?

ಹೋದ ತಿಂಗಳ ಒಂದು ಭಾನುವಾರ. ಮೈಸೂರಿನ ರಿಂಗ್ ರೋಡ್ ಪಕ್ಕದ ಮೈದಾನವೊಂದರಲ್ಲಿ 12 ವರ್ಷದೊಳಗಿನ ಹುಡುಗರ ಕ್ರಿಕೆಟ್ ಮ್ಯಾಚ್ ನಡೆಯುತ್ತಿತ್ತು. ಅಕ್ಕನ ಮಗ ಆ ಟೀಮಿನಲ್ಲಿದ್ದಾನೆ ಅಂತ ನಾನೂ ಹೋಗಿದ್ದೆ. ಬ್ಯಾಟ್ ಮಾಡುತ್ತಿದ್ದ ಹುಡುಗನಿಗೆ ಹತ್ತೋ ಹನ್ನೊಂದೋ ವಯಸ್ಸು. ಪ್ಯಾಡು ತೊಡೆಯವರೆಗೂ ಬಂದಿತ್ತು. ಒಂದೊಂದು ಬಾಲ್ ಆದ ಮೇಲೂ ಅವನು ತಿರುಗಿ ಒಂದೇ ಕಡೆ ನೋಡುತ್ತಿದ್ದ. ಬೌಂಡರಿ ಆಚೆ ಹೊಂಗೆ ಮರದ ಕೆಳಗೆ ಅವರಪ್ಪ ನಿಂತಿದ್ದರು. ಮೊಣಕೈ ಎತ್ತು, ಕಾಲು ಮುಂದಿಡು ಅಂತ ಅಲ್ಲಿಂದಲೇ ಕೈಸನ್ನೆ ಮಾಡುತ್ತಿದ್ದರು. ನಾಲ್ಕು ರನ್ನಿಗೆ ಹುಡುಗ ಬೌಲ್ಡ್ ಆದ. ಅಪ್ಪ ಬೈಯಲಿಲ್ಲ. ಒಂದು ಮಾತೂ ಆಡದೆ ಸ್ಕೂಟರ್ ಹತ್ತಿರ ಹೋಗಿ ಹೆಲ್ಮೆಟ್ ಕೈಗೆ ತೆಗೆದುಕೊಂಡರು. ಹುಡುಗ ನೆಲದ ಮೇಲೆ ಕೂತು ಪ್ಯಾಡಿನ ಪಟ್ಟಿಗಳನ್ನು ಬಿಚ್ಚತೊಡಗಿದ. ಅಷ್ಟು ನಿಧಾನಕ್ಕೆ ಪ್ಯಾಡ್ ಬಿಚ್ಚಿದವರನ್ನು ನಾನು ನೋಡಿಲ್ಲ. ಆ ಸ್ಕೂಟರ್ ಹತ್ತುವುದು ಅವನಿಗೆ ಬೇಡವಾಗಿತ್ತು.

ಅಕ್ಕನ ಮಗನದು ಬೇರೆ ಕಥೆ. ಅವನು 20 ಓವರೂ ಬ್ಯಾಟ್ ಮಾಡುವವನ ಹಿಂದೆ, ಬೌಂಡರಿ ಹತ್ತಿರದ ಫೈನ್ ಲೆಗ್‌ನಲ್ಲಿ ನಿಂತಿದ್ದ. ಬೌಲಿಂಗ್ ಸಿಗಲಿಲ್ಲ. ಬ್ಯಾಟಿಂಗ್‌ನಲ್ಲಿ ಒಂಬತ್ತನೆಯವನು, ಸರದಿ ಬರುವ ಮುಂಚೆ ಓವರ್ ಮುಗಿದವು. ಟೀಮ್ ಗೆದ್ದಿತು. ವಾಪಸ್ ಬರುವಾಗ "ಹೆಂಗಿತ್ತೋ ಮ್ಯಾಚು?" ಅಂದೆ. "ಎರಡು ಸಲ ಬಾಲ್ ಮುಟ್ಟಿದೆ ಮಾಮ" ಅಂದ. ಗೆದ್ದ ಟೀಮಿನ ಹುಡುಗ ಇವನು. ಬೆಳಿಗ್ಗೆ ಐದೂವರೆಗೆ ಎದ್ದು, ಇಸ್ತ್ರಿ ಮಾಡಿದ ವೈಟ್ಸ್ ಹಾಕಿಕೊಂಡು, ಮೂರು ಗಂಟೆ ಬಿಸಿಲಲ್ಲಿ ನಿಂತು, ಎರಡು ಸಲ ಬಾಲ್ ಮುಟ್ಟಿ ಮನೆಗೆ ಬಂದ.

ಅವನ ಆ ಮಾತು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಹಳೆಯ ಮಾತು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಈಗ ಅದನ್ನು ಚುಚ್ಚುಮಾತಿನ ಥರ ಬಳಸುತ್ತೇವೆ. ಕರೆದು ಕೂರಿಸಿ, ಮಾತಿಗೆ ಬೆಲೆ ಕೊಡದಿದ್ದರೆ ಹಾಗನ್ನುತ್ತೇವೆ. ಆದರೆ ಬೀದಿ ಆಟದಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿತ್ತು. ಲಗೋರಿ ಆಡುವಾಗ ಯಾರದೋ ನಾಲ್ಕು ವರ್ಷದ ತಮ್ಮ ಬಂದು "ನಾನೂ ಬತ್ತೀನಿ" ಅಂತ ಅಳುತ್ತಿದ್ದ. ಅವನನ್ನು ಓಡಿಸುತ್ತಿರಲಿಲ್ಲ. "ಸರಿ ಬಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ" ಅನ್ನುತ್ತಿದ್ದೆವು. ಅವನು ಓಡಬಹುದು, ಕೂಗಬಹುದು, ಕಲ್ಲು ಜೋಡಿಸಬಹುದು. ಚೆಂಡು ಬಿದ್ದರೂ ಔಟ್ ಇಲ್ಲ. ಎರಡು ವರ್ಷ ಹಾಗೇ ನಮ್ಮ ಜೊತೆ ಓಡಾಡಿ ಅವನಿಗೆ ಆಟ ಬಂದುಬಿಡುತ್ತಿತ್ತು. ಯಾವ ದೊಡ್ಡವರೂ ಹೇಳಿಕೊಟ್ಟದ್ದಲ್ಲ, ಮಕ್ಕಳು ತಾವೇ ಮಾಡಿಕೊಂಡ ನಿಯಮ.

ನಾವು ದೊಡ್ಡವರು ಈಗ ಅದನ್ನು ತಿರುಗುಮುರುಗು ಮಾಡಿದ್ದೇವೆ. ಅಕ್ಕನ ಮಗ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಸ್ಕೋರ್‌ಬುಕ್ಕಿನಲ್ಲಿ ಅವನ ಹೆಸರಿದೆ, ಗೆದ್ದವರ ಫೋಟೋದಲ್ಲಿ ಅವನ ಮುಖವಿದೆ, ಆಟ ಮಾತ್ರ ಇಲ್ಲ. ಹನ್ನೆರಡು ವರ್ಷದವರೆಗೆ ಮಕ್ಕಳ ಆಟ ಹಳೆಯ ನಿಯಮದ ಮೇಲೆಯೇ ನಡೆಯಬೇಕು ಅನ್ನುವುದು ನನ್ನ ವಾದ. ಎಲ್ಲರೂ ಆಡಲಿ, ಪೂರ್ತಿ ಆಡಲಿ, ಲೆಕ್ಕ ಆಮೇಲೆ ಬರಲಿ. ಸುಮ್ನೆ ಹಳೇ ಕಾಲದ ನೆನಪಿಗೆ ಸೋತು ಈ ಮಾತು ಹೇಳುತ್ತಿಲ್ಲ. ಚಾಂಪಿಯನ್ನರು ಬೇಕು ಅನ್ನುವವರಿಗೂ ಇದೇ ಸರಿಯಾದ ದಾರಿ ಅನ್ನೋದಕ್ಕೆ ಪುರಾವೆ ಇದೆ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಪೈಪೋಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಗೋಲಿ ಆಡುವ ಮಕ್ಕಳನ್ನು ನೋಡಿ. ಎಷ್ಟು ಜಗಳ, ಎಷ್ಟು ಹಟ! ಗೆಲ್ಲಬೇಕು ಅನ್ನುವ ಆಸೆ ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತದೆ. ಆದರೆ ಆ ಜಗಳ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು. ಮರುದಿನ ಹೊಸ ಟೀಮು, ಹೊಸ ಲೆಕ್ಕ. ಯಾರೂ ಅದನ್ನು ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಈಗ ಮಕ್ಕಳ ಲೆಕ್ಕ ದೊಡ್ಡವರ ಕೈಗೆ ಬಂದಿದೆ. ವಾಟ್ಸಾಪ್ ಗ್ರೂಪಿನಲ್ಲಿ ಸ್ಕೋರ್, ಸ್ಟೇಟಸ್‌ನಲ್ಲಿ ಟ್ರೋಫಿ, ಸೆಲೆಕ್ಷನ್ ಲಿಸ್ಟಿನಲ್ಲಿ ಹೆಸರು ಇಲ್ಲದಿದ್ದರೆ ಮನೆಯಲ್ಲಿ ಮೂರು ದಿನ ಮೌನ.

ಇದು ಯಾಕೆ ಹೀಗಾಯಿತು? ತಂದೆ ತಾಯಿಯರನ್ನು ಬೈದರೆ ಸಾಲದು. ಊರು ಬದಲಾದ ಬಗೆ ನೋಡಬೇಕು. ನಾನು ಹುಡುಗನಾಗಿದ್ದಾಗ ಕುವೆಂಪುನಗರ, ರಾಮಕೃಷ್ಣನಗರದ ಕಡೆ ಬೀದಿಗೆ ಎರಡು ಮೂರು ಖಾಲಿ ಸೈಟು ಇದ್ದೇ ಇರುತ್ತಿದ್ದವು. ಗೋಡೆಗೆ ಇದ್ದಿಲಲ್ಲಿ ಮೂರು ಗೆರೆ ಎಳೆದರೆ ವಿಕೆಟ್. ಈಗ ಆ ಸೈಟುಗಳಲ್ಲೆಲ್ಲ ಮನೆ ಎದ್ದಿದೆ. ಬೀದಿಯ ಎರಡೂ ಬದಿಗೆ ಕಾರು ನಿಂತಿವೆ. ಪಾರ್ಕಿಗೆ ಹೋದರೆ "ಇಲ್ಲಿ ಕ್ರಿಕೆಟ್ ಆಡಬಾರದು" ಅಂತ ಬೋರ್ಡು. ಮಹಾರಾಜ ಕಾಲೇಜು ಮೈದಾನ, ಓವಲ್ ಮೈದಾನದಂಥ ದೊಡ್ಡ ಜಾಗ ಊರಿಗೆ ಇವೆ, ಅದು ನಮ್ಮ ಪುಣ್ಯ. ಆದರೆ ಎಂಟು ವರ್ಷದ ಮಗು ಒಬ್ಬನೇ ದತ್ತಗಳ್ಳಿಯಿಂದ ಅಲ್ಲಿಗೆ ಹೋಗಿ ಬರಲು ಆಗಲ್ಲ, ಅಲ್ವಾ? ಮನೆ ಬಾಗಿಲಲ್ಲಿ ಆಟ ನಿಂತ ಮೇಲೆ ಮಗುವನ್ನು ಕೋಚಿಂಗಿಗೆ ಹಾಕುವುದು ಒಂದೇ ದಾರಿ ಉಳಿಯುತ್ತದೆ.

ಕೋಚಿಂಗ್ ಅಂದ ಮೇಲೆ ದುಡ್ಡು. ತಿಂಗಳ ಫೀಸು, ಕಿಟ್ಟು, ಶೂ, ಟೂರ್ನಮೆಂಟ್ ಬಂದರೆ ಅದರ ಫೀಸು, ದಿನಾ ಬಿಟ್ಟು ಕರೆದುಕೊಂಡು ಬರುವ ಪೆಟ್ರೋಲು. ದುಡ್ಡು ಕೊಟ್ಟ ಮೇಲೆ ಏನು ಬಂತು ಅಂತ ಕೇಳುವುದು ಮನುಷ್ಯ ಸಹಜ. ಕೋಚಿಗೂ ಏನಾದರೂ ತೋರಿಸಲೇಬೇಕು. ಮಗು ಖುಷಿಯಾಗಿದೆ ಅನ್ನುವುದನ್ನು ಫ್ಲೆಕ್ಸಿನಲ್ಲಿ ಹಾಕಿಸಲು ಬರುವುದಿಲ್ಲ, ಟ್ರೋಫಿ ಹಾಕಿಸಬಹುದು. ಟ್ರೋಫಿ ಬೇಕಾದರೆ ಈಗಾಗಲೇ ಚೆನ್ನಾಗಿ ಆಡುವ ನಾಲ್ಕು ಹುಡುಗರಿಗೇ ಬ್ಯಾಟು, ಬಾಲು ಕೊಡಬೇಕು. ಉಳಿದವರು ಫೈನ್ ಲೆಗ್. ಇಲ್ಲಿ ಯಾರೂ ಕೆಟ್ಟವರಲ್ಲ. ಅಪ್ಪನೂ ಮಗನಿಗಾಗಿಯೇ ಬಿಸಿಲಲ್ಲಿ ನಿಂತಿದ್ದಾರೆ, ಕೋಚೂ ಬೆಳಗಿನ ಜಾವ ಎದ್ದು ಬಂದಿದ್ದಾರೆ. ವ್ಯವಸ್ಥೆ ನಿಂತಿರುವುದೇ ಹಾಗೆ.

ಇದರ ಮೇಲೆ ಟಿವಿ ಬೇರೆ. 2024ರ ನವೆಂಬರಿನ ಐಪಿಎಲ್ ಹರಾಜಿನಲ್ಲಿ ರಾಜಸ್ಥಾನ ರಾಯಲ್ಸ್ ತಂಡ 13 ವರ್ಷದ ವೈಭವ್ ಸೂರ್ಯವಂಶಿಯನ್ನು 1.10 ಕೋಟಿ ರೂಪಾಯಿಗೆ ಕೊಂಡುಕೊಂಡಿತು. 2025ರ ಏಪ್ರಿಲಿನಲ್ಲಿ, 14 ತುಂಬಿ ಒಂದು ತಿಂಗಳಾಗಿದ್ದ ಆ ಹುಡುಗ ಗುಜರಾತ್ ಟೈಟನ್ಸ್ ವಿರುದ್ಧ 35 ಬಾಲಿಗೆ ಸೆಂಚುರಿ ಹೊಡೆದ. ನೋಡಿ ನಾನೂ ಎದ್ದು ಚಪ್ಪಾಳೆ ಹೊಡೆದಿದ್ದೆ. ಆದರೆ ಮಾರನೇ ದಿನದಿಂದ ಎಷ್ಟೋ ಮನೆಗಳಲ್ಲಿ "ಅವನಿಗೆ ಹದಿನಾಲ್ಕು, ನಿನಗೆ ಹನ್ನೊಂದು ಆಯ್ತು" ಅನ್ನುವ ಮಾತು ಶುರುವಾಯಿತು. ಸಾವಿರ ವರ್ಷಕ್ಕೊಬ್ಬ ಅನ್ನುವಂಥ ಹುಡುಗನನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಎಲ್ಲ ಮಕ್ಕಳೂ ಗಿಡ್ಡವಾಗಿಯೇ ಕಾಣುತ್ತಾರೆ. ಸಿಇಟಿಯಲ್ಲಿ ಸ್ಪೋರ್ಟ್ಸ್ ಕೋಟಾ ಇದೆ, ಸರ್ಟಿಫಿಕೇಟ್ ಇದ್ದರೆ ಸೀಟಿಗೆ ಅನುಕೂಲ ಅನ್ನುವ ಲೆಕ್ಕಾಚಾರವೂ ಸೇರಿಕೊಳ್ಳುತ್ತದೆ.

ಮಕ್ಕಳನ್ನೇ ಕೇಳಿದರೆ ಅವರು ಏನು ಹೇಳುತ್ತಾರೆ? ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಮಂಡಾ ವಿಸೆಕ್ ಮತ್ತು ಜೊತೆಗಾರರು 2014ರ ಸುಮಾರಿಗೆ ಇದನ್ನೇ ಮಾಡಿದರು. ಫುಟ್‌ಬಾಲ್ ಆಡುವ ಮಕ್ಕಳನ್ನು ಕೂರಿಸಿ ಆಟದಲ್ಲಿ ಮಜಾ ಕೊಡುವುದು ಯಾವುದು ಅಂತ ಕೇಳಿದರು. 81 ಕಾರಣಗಳು ಸಿಕ್ಕವು. ಅವುಗಳಲ್ಲಿ ಯಾವುದು ಮುಖ್ಯ ಅಂತ ಮಕ್ಕಳ ಕೈಯಲ್ಲೇ ಅಂಕ ಹಾಕಿಸಿದರು. ಮೇಲೆ ಬಂದದ್ದು ಪೂರ್ತಿ ಪ್ರಯತ್ನ ಹಾಕುವುದು, ಕೋಚ್ ಮರ್ಯಾದೆಯಿಂದ ನಡೆಸಿಕೊಳ್ಳುವುದು, ಆಡಲು ಅವಕಾಶ ಸಿಗುವುದು, ಟೀಮಿನವರು ಒಬ್ಬರಿಗೊಬ್ಬರು ಸರಿಯಾಗಿರುವುದು. ಗೆಲುವು 48ನೇ ಜಾಗದಲ್ಲಿತ್ತು. ಗೆಲ್ಲುವುದು ಮಕ್ಕಳಿಗೆ ಇಷ್ಟವೇ, ಆದರೆ ಆಟ ಬಿಡದೆ ಬರುವಂತೆ ಮಾಡುವುದು ಅದಲ್ಲ. ನನ್ನ ಅಕ್ಕನ ಮಗ ಗೆದ್ದೂ ಸಪ್ಪಗಿದ್ದದ್ದು ಯಾಕೆ ಅಂತ ಆ ಪಟ್ಟಿ ನೋಡಿದ ಮೇಲೆ ನನಗೆ ಅರ್ಥವಾಯಿತು.

ಇನ್ನು ನಮ್ಮ ಶಾಲಾ ಕ್ರೀಡಾಕೂಟಗಳ ಗಣಿತ. ಮಂಡ್ಯ ಜಿಲ್ಲೆಯ ಯಾವುದೋ ಹೋಬಳಿಯ ಕಬಡ್ಡಿ ಅಂದುಕೊಳ್ಳಿ. 16 ಶಾಲೆಗಳ ಟೀಮು ಬಂದಿವೆ, ನಾಕೌಟ್ ಪದ್ಧತಿ. ಮೊದಲ ಸುತ್ತಿಗೇ 8 ಟೀಮು ಮನೆಗೆ. ಒಂದು ಟೀಮಿಗೆ 12 ಮಕ್ಕಳು, ಅಂಕಣದಲ್ಲಿ ಇರುವವರು 7. ಅಂದರೆ ಮಳೆಗಾಲದಲ್ಲಿ ಕೆಸರಲ್ಲಿ ಬಿದ್ದೆದ್ದು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದ ಅರ್ಧದಷ್ಟು ಮಕ್ಕಳಿಗೆ ಇಡೀ ವರ್ಷಕ್ಕೆ ಸಿಗುವುದು ಒಂದು ಮ್ಯಾಚು. ಹೊರಗೆ ಕೂತ ಐದು ಮಕ್ಕಳಿಗೆ ಅದೂ ಇಲ್ಲ. ಬೆಳಿಗ್ಗೆ ಟೆಂಪೋದಲ್ಲಿ ಹಾಡು ಹೇಳಿಕೊಂಡು ಬಂದವರು ಹನ್ನೊಂದು ಗಂಟೆಗೆ ಸೋತು, ಪಲಾವ್ ತಿಂದು, ಸಂಜೆಯವರೆಗೆ ಬೇರೆಯವರ ಆಟ ನೋಡುತ್ತಾರೆ. ಅದೇ 16 ಟೀಮುಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಅವಧಿ ಕಡಿಮೆ ಮಾಡಿ ಆಡಿಸಿದರೆ ಪ್ರತಿ ಟೀಮಿಗೂ ಕನಿಷ್ಠ 3 ಆಟ ಸಿಗುತ್ತವೆ. ದುಡ್ಡು ಜಾಸ್ತಿ ಬೇಕಿಲ್ಲ, ಇನ್ನೊಂದು ಅಂಕಣಕ್ಕೆ ಸುಣ್ಣದ ಗೆರೆ ಎಳೆದರೆ ಆಯ್ತು. ಕಬಡ್ಡಿಯ ಚಂದವೇ ಅದಲ್ವಾ, ಔಟಾದವನು ಮತ್ತೆ ಒಳಗೆ ಬರಬಹುದು. ಆಟದ ನಿಯಮದಲ್ಲೇ ಇರುವ ಈ ಕರುಣೆ ಕೂಟದ ನಿಯಮದಲ್ಲಿ ಇಲ್ಲ.

ವಯಸ್ಸಿನ ಗುಂಪುಗಳಲ್ಲೂ ಒಂದು ತೊಡಕಿದೆ. ಕಟ್‌ಆಫ್ ದಿನಾಂಕದ ಮಾರನೇ ದಿನ ಹುಟ್ಟಿದ ಹುಡುಗನೂ ಅವನಿಗಿಂತ 11 ತಿಂಗಳು ಚಿಕ್ಕವನೂ ಒಂದೇ ಗುಂಪು. ಹತ್ತು ವರ್ಷದ ಮಗುವಿಗೆ 11 ತಿಂಗಳು ಅಂದರೆ ಹೆಚ್ಚು ಕಮ್ಮಿ ಆಯುಷ್ಯದ ಹತ್ತನೇ ಒಂದು ಭಾಗ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1985ರಲ್ಲಿ ಅಲ್ಲಿನ ಐಸ್ ಹಾಕಿ ಹುಡುಗರ ಹುಟ್ಟಿದ ದಿನಾಂಕ ಎಣಿಸಿ ನೋಡಿದರು. ಅಲ್ಲಿ ಕಟ್‌ಆಫ್ ಜನವರಿ 1. ಒಳ್ಳೆಯ ಟೀಮುಗಳಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಹುಟ್ಟಿದವರೇ ತುಂಬಿದ್ದರು. ಪ್ರತಿಭೆ ಅಂದುಕೊಂಡು ನಾವು ಆರಿಸುವುದು ಎಷ್ಟೋ ಸಲ ಹುಟ್ಟಿದ ತಿಂಗಳನ್ನು. ಆಯ್ಕೆಯಾದವನಿಗೆ ಒಳ್ಳೆಯ ಕೋಚು, ಜಾಸ್ತಿ ಮ್ಯಾಚು ಸಿಗುತ್ತದೆ. ಬಿಟ್ಟುಹೋದವನು ನಾನು ಕೆಲಸಕ್ಕೆ ಬಾರದವನು ಅಂದುಕೊಂಡು ಮನೆಯಲ್ಲಿ ಮೊಬೈಲ್ ಹಿಡಿಯುತ್ತಾನೆ. ಅವನು ಬೆಳೆಯಬೇಕಾದದ್ದು ಇನ್ನು ಎರಡು ವರ್ಷ ಬಿಟ್ಟು.

ಇದಕ್ಕೆ ಮದ್ದು ನಮ್ಮ ಮೈಸೂರಿನ ಗರಡಿಗಳಲ್ಲೇ ಇದೆ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದು ಅಂತ ಒಂದು ದಿನ ಇರುತ್ತದೆ. ಪೈಲ್ವಾನರು ಬರುತ್ತಾರೆ. ಹಿರಿಯರು ಕೂತು ತೂಕ ನೋಡಿ, ಮೈಕಟ್ಟು ನೋಡಿ, ಎಷ್ಟು ಕುಸ್ತಿ ಮಾಡಿದ್ದಾನೆ ಅಂತ ವಿಚಾರಿಸಿ ಸಮಕ್ಕೆ ಸಮ ಜೋಡಿ ಮಾಡುತ್ತಾರೆ. ಏರುಪೇರಾದ ಜೋಡಿ ಅಖಾಡಕ್ಕೆ ಇಳಿದರೆ ನೋಡುವವರಿಗೂ ಬೇಜಾರು, ಸೋತವನಿಗೂ ಪಾಠವಿಲ್ಲ, ಗೆದ್ದವನಿಗೂ ಪಾಠವಿಲ್ಲ. ಎಷ್ಟು ದೊಡ್ಡ ತಿಳುವಳಿಕೆ ಇದು! ಬೆಳೆದ ಗಂಡಸರಿಗೆ ಇಷ್ಟು ಎಚ್ಚರ ವಹಿಸುವ ಊರಿನಲ್ಲಿ, 14 ವರ್ಷದೊಳಗಿನವರ ಕೂಟದಲ್ಲಿ ಮೀಸೆ ಮೂಡಿದ ಹುಡುಗನ ಎದುರು ಇನ್ನೂ ಹಾಲುಹಲ್ಲು ಪೂರ್ತಿ ಬೀಳದ ಹುಡುಗನನ್ನು ನಿಲ್ಲಿಸುತ್ತೇವೆ. ಮಕ್ಕಳಿಗೂ ಜೋಡಿ ಕಟ್ಟಬೇಕು. ವಯಸ್ಸಿನ ಜೊತೆಗೆ ಎತ್ತರ, ತೂಕವನ್ನೂ ನೋಡಿ ಗುಂಪು ಮಾಡಬೇಕು.

ಮೀಸೆಯ ಮಾತು ಬಂತು, ವಯಸ್ಸು ಮುಚ್ಚಿಡುವ ಚಟದ ಬಗ್ಗೆಯೂ ಹೇಳಬೇಕು. 2015ರಲ್ಲಿ ಭಾರತದ ಕ್ರಿಕೆಟ್ ಮಂಡಳಿ ನಡೆಸುವ ಪಟೌಡಿ ಉಪನ್ಯಾಸ ಕೊಡುವಾಗ ರಾಹುಲ್ ದ್ರಾವಿಡ್ ಇದನ್ನೇ ಎತ್ತಿ ಆಡಿದ್ದರು. ಹೆಚ್ಚು ವಯಸ್ಸಿನ ಹುಡುಗನನ್ನು ಕಿರಿಯರ ಟೀಮಿನಲ್ಲಿ ಆಡಿಸಿದರೆ ಪ್ರಾಮಾಣಿಕ ಹುಡುಗನ ಜಾಗ ಹೋಗುತ್ತದೆ. ಜೊತೆಗೆ, ಸುಳ್ಳು ಹೇಳಿದರೆ ನಡೆಯುತ್ತದೆ ಅನ್ನುವುದನ್ನು ಮಗು ಅಪ್ಪ ಅಮ್ಮನಿಂದ, ಕೋಚಿನಿಂದಲೇ ಕಲಿಯುತ್ತದೆ. ಗೆಲುವಿನ ಲೆಕ್ಕ ಬೇಗ ಶುರುವಾದಷ್ಟೂ ಈ ಆಸೆ ಬೇಗ ಹುಟ್ಟುತ್ತದೆ. ಹತ್ತನೇ ವಯಸ್ಸಿಗೆ ಗೆಲ್ಲಲೇಬೇಕಾದ ಏನೂ ಇಲ್ಲದಿದ್ದರೆ ಹುಟ್ಟಿದ ದಿನಾಂಕ ತಿದ್ದುವ ಕೆಲಸ ಯಾರಿಗೆ ಬೇಕು?

ಮೈಯ ಮಾತೂ ಇದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದು ಭಾಗ ಇರುತ್ತದೆ. ಒಂದೇ ಆಟ, ಒಂದೇ ಚಲನೆ, ವರ್ಷವಿಡೀ ಮಾಡಿದರೆ ಪೆಟ್ಟು ಬೀಳುವುದು ಅಲ್ಲೇ. ಹಿಮ್ಮಡಿ ನೋವು, ಮಂಡಿ ಚಿಪ್ಪಿನ ಕೆಳಗಿನ ನೋವು, ವೇಗದ ಬೌಲರ್ ಹುಡುಗರಿಗೆ ಸೊಂಟದ ಹತ್ತಿರ ಮೂಳೆಯಲ್ಲಿ ಸಣ್ಣ ಬಿರುಕು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅನ್ನುವ ಮಕ್ಕಳ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿದ್ದು ಇಷ್ಟು. ವಾರಕ್ಕೆ ಒಂದೆರಡು ದಿನ ರಜೆ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು, ಒಂದೇ ಆಟಕ್ಕೆ ಅಂಟಿಕೊಳ್ಳುವುದು ಸಾಧ್ಯವಾದರೆ 15-16ರವರೆಗೆ ಬೇಡ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯ ಮಾರ್ಗಸೂಚಿಯಲ್ಲಿ 13ರೊಳಗಿನ ವೇಗದ ಬೌಲರಿಗೆ ಒಂದು ಸ್ಪೆಲ್ಲಿಗೆ, ಅಂದರೆ ಬಿಡುವು ಕೊಡದೆ ಹಾಕಿಸುವ ಒಂದು ಸರದಿಗೆ, 5 ಓವರ್, ದಿನಕ್ಕೆ 10 ಓವರ್ ಮಿತಿ. ಕ್ರೀಡಾ ವೈದ್ಯರು ಹೇಳುವ ಇನ್ನೊಂದು ಸುಲಭ ಸೂತ್ರ ಮನೆಯಲ್ಲಿ ನೆನಪಿಟ್ಟುಕೊಳ್ಳಿ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ದಾಟಬಾರದು. ಹತ್ತು ವರ್ಷದ ಮಗುವಿಗೆ ವಾರಕ್ಕೆ ಹತ್ತು ಗಂಟೆ, ಅದಕ್ಕಿಂತ ಜಾಸ್ತಿ ಬೇಡ.

ಈಗ ನಾರ್ವೆಗೆ ಬರೋಣ. ಮೈಸೂರು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 30 ಲಕ್ಷ, ಮಂಡ್ಯದ್ದು 18 ಲಕ್ಷ. ಎರಡೂ ಸೇರಿದರೆ 48 ಲಕ್ಷ. ನಾರ್ವೆ ದೇಶದಲ್ಲಿ ಇರುವುದು 55 ಲಕ್ಷ ಚಿಲ್ಲರೆ ಜನ. ಅಲ್ಲಿ ಮಕ್ಕಳ ಕ್ರೀಡೆಗೆ 1987ರಲ್ಲೇ ನಿಯಮ ತಂದರು, 2007ರಲ್ಲಿ ತಿದ್ದಿ ಗಟ್ಟಿ ಮಾಡಿದರು. 11 ವರ್ಷದ ತನಕ ಮಕ್ಕಳ ಫಲಿತಾಂಶದ ಪಟ್ಟಿ, ರ‍್ಯಾಂಕು ಪ್ರಕಟಿಸುವ ಹಾಗಿಲ್ಲ. ಬಹುಮಾನ ಕೊಟ್ಟರೆ ಎಲ್ಲರಿಗೂ ಕೊಡಬೇಕು. 13 ತುಂಬುವ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಎಷ್ಟು ಆಡಬೇಕು, ಯಾವ ಆಟ ಆಡಬೇಕು ಅಂತ ಹೇಳುವ ಹಕ್ಕು ಮಗುವಿನದು. ನಮ್ಮ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವುದನ್ನು ಒಂದು ದೇಶ ಕಾನೂನಿನ ಥರ ಬರೆದಿಟ್ಟುಕೊಂಡಿದೆ ಅನ್ನಿ.

ಇಷ್ಟು ಮೆತ್ತಗೆ ಬೆಳೆಸಿದ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಅಲ್ಲಿಯವರೆಗೆ ಯಾವ ದೇಶವೂ ಒಂದು ಚಳಿಗಾಲದ ಕೂಟದಲ್ಲಿ ಅಷ್ಟು ಗೆದ್ದಿರಲಿಲ್ಲ. ಅವರಿಗೆ ಹಿಮ ಇದೆ, ದುಡ್ಡಿದೆ, ಊರೂರಿಗೆ ಕ್ಲಬ್ಬು ಇದೆ, ಅದನ್ನೂ ಮರೆಯಬಾರದು. ಆದರೆ ಹಿಮ ಬೇಡದ ಆಟದಲ್ಲೂ ಅವರು ಇದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸನ್ನು 45.94 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಕಾರ್ಸ್ಟನ್ ವಾರ್‌ಹೋಮ್ 17ರ ವಯಸ್ಸಿನವರೆಗೂ ಓಟ, ಜಿಗಿತ, ಎಸೆತ ಎಲ್ಲ ಸೇರಿದ ಎಂಟು ಸ್ಪರ್ಧೆಗಳ ಕೂಟ ಆಡುತ್ತಿದ್ದವರು. ಒಂದೇ ಆಟಕ್ಕೆ ಬೇಗ ಕಟ್ಟಿಹಾಕದಿದ್ದರೆ ಮಗು ಹಿಂದುಳಿಯುತ್ತದೆ ಅನ್ನುವ ನಮ್ಮ ಭಯಕ್ಕೆ ಇದೇ ಉತ್ತರ.

ಒಬ್ಬಿಬ್ಬರ ಕಥೆ ಸಾಲದು ಅನ್ನುವವರಿಗೆ ಜರ್ಮನಿಯ ಆರ್ನೆ ಗುಲ್ಲಿಶ್ ಮತ್ತು ಸಂಗಡಿಗರ ಅಧ್ಯಯನ ಇದೆ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 6,096 ಆಟಗಾರರ ಬಾಲ್ಯವನ್ನು ಹೋಲಿಸಿ ನೋಡಿದರು. ಅವರಲ್ಲಿ 772 ಮಂದಿ ಜಗತ್ತಿನ ಅಗ್ರ ಆಟಗಾರರು. ಚಿಕ್ಕ ವಯಸ್ಸಿನಲ್ಲಿ ಗೆದ್ದವರು ಒಂದೇ ಆಟವನ್ನು ಬೇಗ ಹಿಡಿದು ಜಾಸ್ತಿ ಪ್ರಾಕ್ಟೀಸ್ ಮಾಡಿದವರು. ಆದರೆ ದೊಡ್ಡವರಾದ ಮೇಲೆ ವಿಶ್ವಮಟ್ಟಕ್ಕೆ ಏರಿದವರು ನಾಲ್ಕಾರು ಆಟ ಆಡಿಕೊಂಡಿದ್ದು, ಮುಖ್ಯ ಆಟವನ್ನು ತಡವಾಗಿ ಹಿಡಿದು, ಮೊದಮೊದಲು ನಿಧಾನಕ್ಕೆ ಬೆಳೆದವರು. ಹನ್ನೆರಡಕ್ಕೆ ಕಪ್ಪು ಗೆಲ್ಲುವ ದಾರಿಯೂ ಇಪ್ಪತ್ತೈದಕ್ಕೆ ದೇಶಕ್ಕೆ ಆಡುವ ದಾರಿಯೂ ಬೇರೆ ಬೇರೆ. ನಮ್ಮ ಟ್ರಯಲ್ಸು, ನಮ್ಮ ಟೂರ್ನಮೆಂಟು ಎಲ್ಲ ನಿಂತಿರುವುದು ಮೊದಲನೆಯ ದಾರಿಯ ಮೇಲೆ.

ನಮ್ಮೂರಿನ ಜಾವಗಲ್ ಶ್ರೀನಾಥ್ ಅವರನ್ನೇ ನೆನೆಸಿಕೊಳ್ಳಿ. ಇಲ್ಲೇ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು. ರಣಜಿಗೆ ಕಾಲಿಟ್ಟಾಗ 20 ವರ್ಷ. 1991ರಲ್ಲಿ ಟೆಸ್ಟ್ ಆಡಿದರು, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ತೆಗೆದರು. ಹನ್ನೊಂದು ವರ್ಷದ ಮಗನಿಗೆ "ಟೈಮ್ ಆಗೋಯ್ತು" ಅನ್ನುವ ಅಪ್ಪಂದಿರಿಗೆ ನಾನು ಮೊದಲು ಹೇಳುವ ಹೆಸರು ಇದು.

ಮಕ್ಕಳ ಟೂರ್ನಮೆಂಟನ್ನೇ ನಿಲ್ಲಿಸಿದ ಉದಾಹರಣೆ ಕೂಡ ಇದೆ, ಅದೂ ಶಿಸ್ತಿಗೆ ಹೆಸರಾದ ಜಪಾನಿನಲ್ಲಿ, ಅವರದೇ ಆಟವಾದ ಜೂಡೋದಲ್ಲಿ. 2022ರ ಮಾರ್ಚಿನಲ್ಲಿ ಅಲ್ಲಿನ ಜೂಡೋ ಒಕ್ಕೂಟ ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನು ರದ್ದು ಮಾಡಿತು. ಗೆಲುವೇ ಎಲ್ಲ ಅನ್ನುವ ಹುಚ್ಚು ಕೋಚುಗಳಿಗೂ ಹೆತ್ತವರಿಗೂ ಹತ್ತಿತ್ತು. ತೂಕದ ಗುಂಪಿಗೆ ಹೊಂದಲಿ ಅಂತ ಬೆಳೆಯುವ ಮಕ್ಕಳ ತೂಕ ಇಳಿಸುವುದೂ ನಡೆದಿತ್ತು. ಎಲ್ಲ ಆಟದಲ್ಲೂ ಇಷ್ಟು ದೂರ ಹೋಗಬೇಕು ಅಂತ ನಾನು ಹೇಳಲ್ಲ. ಆದರೆ ತಮ್ಮದೇ ಕಪ್ಪನ್ನು ತಾವೇ ಎತ್ತಿಡುವ ಧೈರ್ಯ ಅವರಿಗೆ ಬಂತಲ್ಲ, ಅದು ದೊಡ್ಡದು.

"ಹಾಗಾದರೆ ಮಕ್ಕಳು ಸೋಲೋದನ್ನ ಕಲಿಯೋದು ಬೇಡ್ವಾ?" ಅಂತ ಎಲ್ಲ ಕಡೆ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬೀದಿಯಲ್ಲಿ ಆಡುವ ಮಗು ಒಂದು ಸಂಜೆಗೆ ಹತ್ತು ಸಲ ಸೋಲುತ್ತದೆ, ಹತ್ತು ಸಲ ಎದ್ದು ಮತ್ತೆ ಆಡುತ್ತದೆ. ಸೋಲು ಅಭ್ಯಾಸವಾಗುವುದು ಹಾಗೆ. ವರ್ಷಕ್ಕೊಂದು ನಾಕೌಟ್ ಮ್ಯಾಚು ಸೋತು, ವಾಪಸ್ ಬರುವಾಗ ಅಪ್ಪನ ಬೆನ್ನು ನೋಡುತ್ತಾ ಕೂತ ಮಗು ಸೋಲಿಗೆ ಹೆದರುವುದನ್ನು ಕಲಿಯುತ್ತದೆ. ಸೋಲನ್ನು ತಡೆದುಕೊಳ್ಳುವುದು ಬೇರೆ, ಸೋಲಿಗೆ ಹೆದರುವುದು ಬೇರೆ.

ಏನು ಮಾಡಬಹುದು? ಕ್ರಿಕೆಟ್ಟಿಗೆ ಒಂದು ಸುಲಭ ದಾರಿ ಇದೆ. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಚಿಕ್ಕವರಿಗೆ ಜೋಡಿ ಕ್ರಿಕೆಟ್ ಆಡಿಸುತ್ತಾರೆ. ಟೀಮಿಗೆ 8 ಮಕ್ಕಳು, ಅಂದರೆ 4 ಜೋಡಿ. ಪ್ರತಿ ಜೋಡಿಗೆ 4 ಓವರ್ ಬ್ಯಾಟಿಂಗ್, ಔಟಾದರೂ ಕ್ರೀಸ್ ಬಿಡುವ ಹಾಗಿಲ್ಲ. ಟೀಮಿನ ಮೊತ್ತದಿಂದ ಒಂದಿಷ್ಟು ರನ್ ಕಳೆಯುತ್ತಾರೆ ಅಷ್ಟೇ. ಬೌಲಿಂಗ್ ಎಲ್ಲರಿಗೂ. ಒಂದೂವರೆ ಎರಡು ಗಂಟೆಯಲ್ಲಿ ಆಟ ಮುಗಿಯುತ್ತದೆ, ಎಂಟೂ ಮಕ್ಕಳ ಕೈಗೆ ಬ್ಯಾಟು ಬಂದಿರುತ್ತದೆ. ಗೆಲುವು ಸೋಲು ಇದ್ದೇ ಇದೆ, ಫೈನ್ ಲೆಗ್‌ನಲ್ಲಿ ಮೂರು ಗಂಟೆ ನಿಲ್ಲುವ ಶಿಕ್ಷೆ ಇಲ್ಲ.

ದ್ರಾವಿಡ್ ಅವರ ಇನ್ನೊಂದು ಕೆಲಸವೂ ಇಲ್ಲಿ ನೆನಪಾಗುತ್ತದೆ. ಭಾರತ ಎ ಮತ್ತು 19ರೊಳಗಿನವರ ತಂಡಕ್ಕೆ ಕೋಚ್ ಆಗಿದ್ದಾಗ, ಪ್ರವಾಸಕ್ಕೆ ಬಂದವರು ಯಾರೂ ಒಂದು ಮ್ಯಾಚಾದರೂ ಆಡದೆ ವಾಪಸ್ ಹೋಗಬಾರದು ಅಂತ ಅವರು ಮೊದಲೇ ಹುಡುಗರಿಗೆ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಪ್ರವಾಸಕ್ಕೆ ಹೋಗಿ ಬೆಂಚಿನಲ್ಲಿ ಕೂತು ಬಂದ ನೋವು ಅವರಿಗೇ ಗೊತ್ತಿತ್ತು. ದೇಶದ ಮಟ್ಟದಲ್ಲಿ ಆಗುವುದು ನಮ್ಮ ಬಡಾವಣೆಯ ಮಟ್ಟದಲ್ಲಿ ಯಾಕೆ ಆಗಬಾರದು? ಮಗುವನ್ನು ಸೇರಿಸುವಾಗ ಎಷ್ಟು ಟ್ರೋಫಿ ಬಂದಿದೆ ಅಂತ ಕೇಳಬೇಡಿ. ಹೋದ ಮ್ಯಾಚಿನಲ್ಲಿ ಕೊನೆಯ ಹುಡುಗ ಎಷ್ಟು ಬಾಲ್ ಆಡಿದ ಅಂತ ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಕೋಚ್ ಎಂಥವರು ಅಂತ ತಿಳಿಯುತ್ತದೆ.

ಮನೆಯವರಿಗೆ ನನ್ನದು ಒಂದೇ ಕೋರಿಕೆ, ಅದು ವಾಪಸ್ ಬರುವ ದಾರಿಯದು. "ಎಷ್ಟು ಹೊಡೆದೆ?" ಅಂತ ಕೇಳುವ ಮುಂಚೆ ಒಂದು ಕಡೆ ಸ್ಕೂಟರ್ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿ. ಮಗು ತಾನಾಗಿ ಮಾತಾಡಿದರೆ ಕೇಳಿ. ಮೊಣಕೈಯ ವಿಷಯ ಕೋಚಿಗೆ ಬಿಟ್ಟುಬಿಡಿ.

ಹೆಣ್ಣುಮಕ್ಕಳ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಹಾಗೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಜಗತ್ತಿನ 11ರಿಂದ 17 ವರ್ಷದ ಹುಡುಗಿಯರಲ್ಲಿ 100ಕ್ಕೆ 85 ಮಂದಿ ಅಷ್ಟು ಆಡುತ್ತಿಲ್ಲ. ಹುಡುಗರಲ್ಲಿ 78. ನಮ್ಮ ಕಡೆ ಏಳನೇ ಕ್ಲಾಸಿನವರೆಗೆ ಖೋ ಖೋದಲ್ಲಿ ಮಿಂಚಿದ ಹುಡುಗಿ ಎಂಟಕ್ಕೆ ಬರುವಷ್ಟರಲ್ಲಿ ಮೈದಾನದಿಂದ ಕಾಣೆಯಾಗುತ್ತಾಳೆ. ಬಟ್ಟೆ ಬದಲಿಸಲು ಜಾಗವಿಲ್ಲ, ಶೌಚಾಲಯ ಸರಿ ಇಲ್ಲ, ಮುಟ್ಟಿನ ದಿನಗಳ ಬಗ್ಗೆ ಮಾತಾಡಲು ಮೇಡಂ ಇಲ್ಲ. ಇದರ ಜೊತೆಗೆ "ಗೆಲ್ಲೋದಾದ್ರೆ ಹೋಗು, ಇಲ್ಲಾಂದ್ರೆ ಯಾಕೆ?" ಅನ್ನುವ ಮನೆಯ ಮಾತು. ಗಂಡುಮಗ ಸುಮ್ನೆ ಆಡಬಹುದು, ಹೆಣ್ಣುಮಗಳು ಆಡಬೇಕಾದರೆ ಕಾರಣ ಕೊಡಬೇಕು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಊರು ಹೆಮ್ಮೆಪಟ್ಟಿತು, ಪಡಲೇಬೇಕು. ಆದರೆ ವಿಶ್ವಕಪ್ ಗೆಲ್ಲದ ಹುಡುಗಿಗೂ ಸಂಜೆ ಒಂದು ಗಂಟೆ ಓಡುವ ಹಕ್ಕಿದೆ.

ಲೆಕ್ಕ ಯಾವಾಗ ಶುರುವಾಗಬೇಕು ಅಂತ ಮೇಲೆ ಕೇಳಿದ್ದೆ. 11, 13 ಅಂತ ನಾರ್ವೆಯವರು ಬರೆದುಕೊಂಡಿದ್ದಾರೆ, ಸಂಸ್ಥೆಗಳಿಗೆ ಅಂಥ ಸಂಖ್ಯೆ ಬೇಕೇ ಬೇಕು. ಆದರೆ ಮಕ್ಕಳ ಲೋಕದಲ್ಲಿ ಇದು ತೀರ್ಮಾನವಾಗುವ ಬಗೆಯನ್ನು ಮೊನ್ನೆ ಪಾಂಡವಪುರದ ಕಡೆ ನಮ್ಮ ಊರಿಗೆ ಹೋದಾಗ ನೋಡಿದೆ. ಮಾರಮ್ಮನ ಗುಡಿ ಮುಂದೆ ಮಕ್ಕಳು ಲಗೋರಿ ಆಡುತ್ತಿದ್ದರು. ಆರೇಳು ವರ್ಷದ ಹುಡುಗಿಯೊಬ್ಬಳು ಎರಡು ಆಟ ಸುಮ್ಮನೆ ಅವರ ಜೊತೆ ಓಡಿದಳು. ಮೂರನೇ ಆಟ ಶುರುವಾಗುವಾಗ ನಡುವೆ ಬಂದು ನಿಂತು "ನನ್ನೂ ಲೆಕ್ಕಕ್ಕೆ ಇಡ್ಕಳಿ" ಅಂದಳು. ಹುಡುಗರು ಮುಖ ಮುಖ ನೋಡಿಕೊಂಡರು. ಚೆಂಡು ಹಿಡಿದಿದ್ದ ದೊಡ್ಡ ಹುಡುಗ "ಏಟು ಬಿದ್ರೆ ಅಳಂಗಿಲ್ಲ ಕಣಮ್ಮಿ" ಅಂದ. "ಅಳಕಿಲ್ಲ" ಅಂದಳು. ಕಲ್ಲು ಬಿದ್ದವು, ಎಲ್ಲರೂ ಚೆದುರಿದರು, ಇವಳು ಕಲ್ಲಿಗೆ ಕೈ ಹಾಕುವಷ್ಟರಲ್ಲಿ ಚೆಂಡು ಬೆನ್ನಿಗೆ ಬಿತ್ತು. ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಬೆನ್ನು ಉಜ್ಜಿಕೊಳ್ಳುತ್ತಾ, ಔಟಾದವರ ಸಾಲಿಗೆ ಹೋಗಿ ಎಲ್ಲರಿಗಿಂತ ಮುಂದೆ ನಿಂತಳು.